ದಿವಾಳಿಯ ರಕ್ಷೆಯೂ ಬಾಗಿಲ ಧರಣಿಯೂ

ಸಾಲಗಾರನೆಂಬ ಶಬ್ದಕ್ಕೆ ಕನ್ನಡದಲ್ಲಿ ಸಾಲ ಕೊಟ್ಟವನೆಂದೂ ಸಾಲ ತಂದವನೆಂದೂ ಎರಡರ್ಥಗಳುಂಟು. ಬಾಗಿಲಲ್ಲಿ ಬಂದು ಕುಳಿತವನೂ ಸಾಲಗಾರನೇ; ಅವನಿಗೆ ಅಂಜಿ ಒಳಮನೆಯಲ್ಲಿ ಅಡಗಿದವನೂ ಸಾಲಗಾರನೇ. ಇಲ್ಲಿ ಆ ಗೊಂದಲವನ್ನು ಕಳೆಯುವುದಕ್ಕಾಗಿ ಕೊಟ್ಟವನನ್ನು ಧನಿಕನೆಂದೂ ತಂದವನನ್ನು ಋಣಿಯೆಂದೂ ಹೇಳಿದೆ. ಋಣಿಯು ತಾನು ದಿವಾಳಿಯೆಂದು ನ್ಯಾಯಸ್ಥಾನದಲ್ಲಿ ಅರಿಕೆಮಾಡಿಕೊಂಡರೆ ಬಾಗಿಲಲ್ಲಿ ಕುಳಿತವನು ಎದ್ದುಹೋಗಬೇಕಾಗುವುದೇ ಎಂಬುದು ವಿಚಾರಿಸತಕ್ಕ ವಿಷಯ. ಜನರ ನಂಬಿಕೆಯೇನೋ ಹಾಗೆಯೇ ಇದೆ. ಶಾಸನದ ಮಾತು ಅಷ್ಟು ಸರಳವಾಗಿಲ್ಲ.

ಬಾಗಿಲ ಧರಣಿ ನಿನ್ನೆ ಮೊನ್ನೆಯದಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಸಾಲವನ್ನು ಹಿಂದಕ್ಕೆ ಪಡೆಯುವ ಐದು ಉಪಾಯಗಳನ್ನು ಎಣಿಸಿದೆ: ಧರ್ಮ, ವ್ಯವಹಾರ, ಛಲ, ಆಚರಿತ, ಬಲ. ಹೀಗೆ ತಾನಾಗಿಯೇ ವಸೂಲುಮಾಡಿಕೊಳ್ಳುವ ಧನಿಕನನ್ನು ರಾಜನು ಆಕ್ಷೇಪಿಸಕೂಡದೆಂದು ಅದರ ಮುಂದಿನ ಶ್ಲೋಕ ವಿಧಿಸುತ್ತದೆ. ಇವುಗಳಲ್ಲಿ ‘ಆಚರಿತ’ವೆಂಬುದು ಕೇಳುವುದಕ್ಕೆ ನಿರುಪದ್ರವಿಯಾದ ಪದ. ಆದರೆ ಬೃಹಸ್ಪತಿಯು ಕೊಡುವ ವಿವರಣೆಯಂತೆ ಋಣಿಯ ಹೆಂಡತಿಯನ್ನೂ ಮಕ್ಕಳನ್ನೂ ಪಶುಗಳನ್ನೂ ತಡೆದಿಟ್ಟು, ಅವನ ಬಾಗಿಲಲ್ಲಿ ಕುಳಿತು ಹಣವನ್ನು ಕೊಡಿಸಿಕೊಳ್ಳುವುದೇ ಆಚರಿತ. ಹದಿಮೂರನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯ ಮಾಬಾರ್ ಸೀಮೆಯನ್ನು ವರ್ಣಿಸಿದ ಮಾರ್ಕೊ ಪೋಲೊ ಇದರ ಇನ್ನೊಂದು ರೂಪವನ್ನು ಹೇಳುತ್ತಾನೆ. ಅಲ್ಲಿ ಧನಿಕನು ಋಣಿಯ ಸುತ್ತ ನೆಲದಮೇಲೆ ಒಂದು ಗೆರೆಯನ್ನು ಎಳೆದರೆ, ಸಾಲ ತೀರಿಸದೆ ಅಥವಾ ಹೊಣೆ ಕೊಡದೆ ಅವನು ಅದನ್ನು ದಾಟುವಂತಿರಲಿಲ್ಲ. ಪರದೇಶದ ವರ್ತಕನೊಬ್ಬನು ಸ್ವತಃ ಅರಸನ ಸುತ್ತಲೇ ಗೆರೆ ಎಳೆದುದನ್ನೂ, ಅರಸನು ಆ ವರ್ತಕನ ಬಾಕಿ ತೀರುವವರೆಗೆ ಅಲ್ಲಿಯೇ ನಿಂತುದನ್ನೂ ತಾನು ಕಂಡೆನೆಂದು ಅವನು ಬರೆದಿದ್ದಾನೆ. ಗೆರೆಗೆ ಬಲ ಬಂದುದು ಅದನ್ನು ದಾಟಿದವನಿಗೆ ಮರಣದಂಡನೆಯೆಂಬ ಕಟ್ಟಳೆಯಿಂದ, ನೋಡುವವರ ಕಣ್ಣಿನಿಂದಲೂ. ವಸೂಲಿಯ ಪೀಡೆಯಲ್ಲಿ ಇಂದಿಗೂ ಮುಖ್ಯವಾದ ಆಯುಧ ನಾಚಿಕೆಯೇ.

1860ರ ಭಾರತ ದಂಡಸಂಹಿತೆಯು 508ನೆಯ ವಿಧಿಯಲ್ಲಿ, ದೈವಕೋಪದ ಭಯ ಹುಟ್ಟಿಸಿ ಒಬ್ಬನನ್ನು ನಿರ್ಬಂಧಿಸುವುದನ್ನು ಅಪರಾಧವೆಂದು ಸಾರಿ, ಇನ್ನೊಬ್ಬನ ಬಾಗಿಲಲ್ಲಿ ಧರಣಿ ಕೂಡುವುದನ್ನೇ ಅದಕ್ಕೆ ಮೊದಲ ಉದಾಹರಣೆಯಾಗಿ ಕೊಟ್ಟಿತು. ಹೀಗೆ ಆಚರಿತವು ಅಪರಾಧವಾಯಿತು. ವ್ಯವಹಾರ ಮಾತ್ರ, ಎಂದರೆ ದಾವೆ, ಡಿಕ್ರಿ, ಜಪ್ತಿ, ಸೆರೆ, ಧನಿಕನಿಗೆ ಉಳಿಯಿತು.

ಆ ಉಳಿದ ದಾರಿಯನ್ನು ತಡೆಯುವುದಕ್ಕೆ ಹುಟ್ಟಿದುದೇ ದಿವಾಳಿಯ ಶಾಸನ. ಮುಂಬಯಿ, ಮದ್ರಾಸು, ಕಲ್ಕತ್ತೆಗಳಿಗೆ 1909ರ ಶಾಸನ. ಬ್ರಿಟಿಷ್ ಆಡಳಿತದ ಇತರ ಜಿಲ್ಲೆಗಳಿಗೆ 1920ರ ಪ್ರಾಂತೀಯ ಶಾಸನ. ಅಂದು ಧಾರವಾಡದ ಅಥವಾ ಮಂಗಳೂರಿನ ಋಣಿ ಶರಣುಹೋಗಬೇಕಾದುದು ಈ ಎರಡನೆಯದಕ್ಕೆ. ಸಾಲ 500 ರೂಪಾಯಿಗೆ ಕಡಮೆಯಿಲ್ಲದಿದ್ದರೆ, ಇಲ್ಲವೆ ಡಿಕ್ರಿಯ ಮೇಲೆ ತಾನು ಸೆರೆಯಾಗಿದ್ದರೆ ಅಥವಾ ಆಸ್ತಿ ಜಪ್ತಿಯಾಗಿದ್ದರೆ, ತೀರಿಸಲಾರದ ಋಣಿ ತಾನೇ ಅರ್ಜಿ ಕೊಡಬಹುದು. ನ್ಯಾಯಸ್ಥಾನ ಅವನನ್ನು ದಿವಾಳಿಯೆಂದು ತೀರ್ಮಾನಿಸಿದೊಡನೆ, 28ನೆಯ ವಿಧಿಯಂತೆ, ಅವನ ಸ್ವತ್ತು ನ್ಯಾಯಸ್ಥಾನದ ಅಥವಾ ರಿಸೀವರನ ವಶವಾಗುತ್ತದೆ. ಅಪ್ಪಣೆಯಿಲ್ಲದೆ ಯಾವ ಧನಿಕನೂ ಅವನ ಮೇಲೆ ದಾವೆ ಹೂಡಲಾಗದು. ಸೆರೆಗೆ ಹೆದರುವವನು 31ನೆಯ ವಿಧಿಯ ಮೇರೆಗೆ ರಕ್ಷಣೆಯ ಆಜ್ಞೆಯನ್ನು ಬೇರೆಯಾಗಿ ಬೇಡಿಕೊಳ್ಳಬೇಕು. ಇದರ ಹಿಂದಿನ ತತ್ತ್ವ ಕೇವಲ ಕರುಣೆಯಲ್ಲ. ಎಲ್ಲರಿಗೂ ಸಾಲದಷ್ಟು ಸ್ವತ್ತಿರುವಾಗ ಮೊದಲು ಬಂದು ಗದ್ದಲವೆಬ್ಬಿಸಿದವನು ಎಲ್ಲವನ್ನೂ ಒಯ್ದರೆ ಉಳಿದ ಧನಿಕರಿಗೆ ಅನ್ಯಾಯವಾಗುತ್ತದೆ. ಋಣಿಗೆ ದೊರೆಯುವ ನೆಮ್ಮದಿ ಬಹುಮಟ್ಟಿಗೆ ಧನಿಕರೊಳಗಿನ ನ್ಯಾಯದ ಫಲ.

ಆಡುಮಾತಿನಲ್ಲಿ ಇದು ‘ಪಾಪರ್ ಚೀಟಿ’ಯಾಯಿತು. ಇಂಗ್ಲಿಷಿನಲ್ಲಿ ಆ ಪದಕ್ಕೆ ಕಡುಬಡವನೆಂದಷ್ಟೇ ಅರ್ಥ. ಆದರೆ ಚೀಟಿಯೆಂಬ ಮಾತು ರಕ್ಷೆಯ ತಾಯಿತದಂತೆ ಕೇಳಿಸುವುದರಿಂದ, ಅದನ್ನು ತೋರಿಸಿದರೆ ಯಾರೂ ಹತ್ತಿರ ಸುಳಿಯರೆಂಬ ಭಾವನೆ ಬೆಳೆಯಿತು.

ಶಾಸನದ ಶಬ್ದಗಳನ್ನು ಪರಿಶೀಲಿಸಿದರೆ ಅವು ತಡೆಯುವುದು ದಾವೆಯನ್ನು, ಸ್ವತ್ತಿನ ಮೇಲಿನ ಕ್ರಮವನ್ನು. ಬಾಗಿಲಿಗೆ ಬಂದು ಕೂಗುವ ಮನುಷ್ಯನನ್ನು ಹೆಸರಿಸಿ ಅಲ್ಲ. ಅಮೆರಿಕದ 1978ರ ದಿವಾಳಿಸಂಹಿತೆ ಇಲ್ಲಿ ಬೇರೆಯಾಗಿ ನಿಲ್ಲುತ್ತದೆ. ಅದರ 362ನೆಯ ವಿಧಿಯಂತೆ ಅರ್ಜಿ ದಾಖಲಾದ ಕ್ಷಣದಿಂದಲೇ ತಡೆ ತಾನಾಗಿ ಉಂಟಾಗುತ್ತದೆ, ತೀರ್ಮಾನಕ್ಕೆ ಕಾಯಬೇಕಾಗಿಲ್ಲ. ಅದು ನಿಷೇಧಿಸುವುದೂ ದಾವೆಯನ್ನು ಮಾತ್ರವಲ್ಲ, ಹಳೆಯ ಸಾಲವನ್ನು ವಸೂಲುಮಾಡುವ ಯಾವುದೇ ಕ್ರಿಯೆಯನ್ನು. ಆದುದರಿಂದ ತಗಾದೆಯ ಪತ್ರ, ದೂರವಾಣಿಯ ಕರೆಗಳೂ ಅದರೊಳಗೆ ಬರುತ್ತವೆ. ಭಾರತದ 2016ರ ದಿವಾಳಿಸಂಹಿತೆಯ 96ನೆಯ ವಿಧಿಯೂ ಅರ್ಜಿಯ ದಿನದಿಂದಲೇ ತಡೆಯನ್ನು ಆರಂಭಿಸುತ್ತದೆ. ಆದರೆ ಅದರ ಮಾತು ಮತ್ತೆ ‘ಕಾನೂನಿನ ಕ್ರಮ’ವೆಂಬುದಕ್ಕೇ ಮರಳುತ್ತದೆ. ಅದೂ ವ್ಯಕ್ತಿಗಳ ವಿಷಯದಲ್ಲಿ 2019ರ ಡಿಸೆಂಬರ್ 1ರಂದು ಜಾರಿಗೆ ಬಂದುದು ಕಂಪೆನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ವರ್ಷಕ್ಕೆ 60,000 ರೂಪಾಯಿಗೆ ಮೀರದ ಆದಾಯವೂ 35,000ಕ್ಕೆ ಮೀರದ ಸಾಲವೂ ಉಳ್ಳ ಬಡವನಿಗೆಂದು ಅದರಲ್ಲಿ ಬರೆದಿರುವ ಹೊಸ ಬಾಳಿನ ಅಧ್ಯಾಯ ಅಂದು ಜಾರಿಗೆ ಬರಲಿಲ್ಲ.

ಈ ತೆರವನ್ನು ಬೇರೆ ಕಟ್ಟಳೆಗಳು ತುಂಬಬೇಕಾಯಿತು. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಅನಂತರ ವಸೂಲಿಗಾಗಿ ಕರೆ ಮಾಡಕೂಡದೆಂದು ರಿಜರ್ವ್ ಬ್ಯಾಂಕು 2022ರಲ್ಲಿ ಆದೇಶಿಸಿತು. ಕಿರುಸಾಲದ ವಸೂಲಿಯಿಂದ ನೊಂದವರ ಸಾವುಗಳ ಬಳಿಕ 2025ರಲ್ಲಿ ಕರ್ಣಾಟಕ ಸರ್ಕಾರ ಮೊದಲು ಸುಗ್ರೀವಾಜ್ಞೆಯನ್ನೂ ಅನಂತರ ಶಾಸನವನ್ನೂ ತಂದು, ಬಲಾತ್ಕಾರದ ವಸೂಲಿಗೆ 10 ವರ್ಷಗಳವರೆಗೆ ಸೆರೆಯನ್ನೂ 5 ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸಿತು. ಬೃಹಸ್ಪತಿಯು ಉಪಾಯವೆಂದು ವಿವರಿಸಿದುದನ್ನು ಇದು ನೇರವಾಗಿ ಅಪರಾಧವೆನ್ನುತ್ತದೆ.

ದಿವಾಳಿಯ ರಕ್ಷೆಗೆ ಇನ್ನೂ ಎಲ್ಲೆಗಳುಂಟು. ಅಡವು ಹಿಡಿದ ಧನಿಕನು 1920ರ ಶಾಸನದಲ್ಲಿ ತಡೆಯ ಹೊರಗೆ ನಿಲ್ಲುತ್ತಾನೆ. ಮೋಸದಿಂದ ತಂದ ಸಾಲ ಬಿಡುಗಡೆಯ ಬಳಿಕವೂ ಉಳಿಯುತ್ತದೆ. ಋಣಿ ಬಿಡುಗಡೆ ಹೊಂದಿದರೂ ಅವನೊಡನೆ ಹೊಣೆಹೊತ್ತವರು ಬಿಡುಗಡೆ ಹೊಂದುವುದಿಲ್ಲ. ಕಿರುಸಾಲದ ಗುಂಪುಗಳಲ್ಲಿ ಸಾಮಾನ್ಯವಾಗಿ ಒಬ್ಬಳ ಕಂತಿಗೆ ಉಳಿದ ಹೆಂಗಸರೆಲ್ಲರೂ ಹೊಣೆ. ಕಂತು ತಪ್ಪಿದ ದಿನ ಆಕೆಯ ಜಗಲಿಯಲ್ಲಿ ಬಂದು ಕೂರುವವರು ಆ ನೆರೆಮನೆಯವರೇ.