ಹಿರಿಯರಿಗೂ ಕಿರಿಯರಿಗೂ ಒಪ್ಪುವ ವಿಡಿಯೋ ಆಟ

ಆಟವೆಂಬುದು ಮಕ್ಕಳ ಸೊತ್ತು, ಹಿರಿಯರಿಗೆ ಅದು ಬರಿಯ ಕಾಲಹರಣ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ವಿಡಿಯೋ ಆಟದ ಚರಿತ್ರೆಯಾದರೋ ಬೇರೆಯ ಮಾತನ್ನು ಹೇಳುತ್ತದೆ. 1958ರ ಅಕ್ಟೋಬರಿನಲ್ಲಿ ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಶಾಲೆಯನ್ನು ನೋಡಲು ಬಂದವರ ವಿನೋದಕ್ಕಾಗಿ, ವಿಲಿಯಂ ಹಿಗಿನ್‌ಬಾಥಮ್ ಎಂಬ ಭೌತವಿಜ್ಞಾನಿಯು ಆಸಿಲೋಸ್ಕೋಪಿನ ಪುಟ್ಟ ತೆರೆಯ ಮೇಲೆ ಟೆನಿಸ್ ಆಟವೊಂದನ್ನು ಅಣಿಗೊಳಿಸಿದನು. ಬೆಳಕಿನ ಚುಕ್ಕೆಯೇ ಚೆಂಡು; ಒತ್ತಲು ಒಂದು ಗುಂಡಿ, ತಿರುಗಿಸಲು ಒಂದು ಬಿರಡೆ. ಇಷ್ಟನ್ನೇ ಆಡಲು ಜನರು ಸಾಲುಗಟ್ಟಿ ನಿಂತರು.

ಇಂದು ತೆರೆಗಳಿಗೆ ಕೊರತೆಯಿಲ್ಲ. ಬೆಂಗಳೂರಿನ ಪೂರ್ವದ ಅಂಚಿನಲ್ಲಿರುವ ಪಟ್ಟಂದೂರು ಅಗ್ರಹಾರವನ್ನು ನೋಡಿರಿ. ಹಿಂದೆ ಹಳ್ಳಿಯಾಗಿದ್ದ ಈ ಸ್ಥಳದ ಮಗ್ಗುಲಲ್ಲಿ 1990ರ ದಶಕದಲ್ಲಿ ಐ.ಟಿ.ಪಿ.ಎಲ್. ಎಂದು ಹೆಸರಾದ ತಂತ್ರಜ್ಞಾನ ಸಂಕೀರ್ಣವು ತಲೆಯೆತ್ತಿತು. 2023ರಲ್ಲಿ ಮೆಟ್ರೋ ರೈಲೂ ಬಂದಿತು. ಗಣಕಯಂತ್ರವನ್ನೇ ಕಸುಬಾಗಿ ಉಳ್ಳ ಅನೇಕರು ನೆಲಸಿರುವ ಇಂತಹ ಕಡೆಗಳಲ್ಲಿ ಅಜ್ಜಿಗೊಂದು, ತಂದೆಗೊಂದು, ಮಗುವಿಗೊಂದು ತೆರೆ ದೊರೆಯುವುದು ಕಷ್ಟವಲ್ಲ. ಆದರೆ ಆಗ ಒಂದೇ ಸೂರಿನಡಿಯಲ್ಲಿದ್ದೂ ಮೂವರು ಮೂರು ಊರಿನವರಾಗುತ್ತಾರೆ. ಅವರನ್ನು ಒಂದೇ ತೆರೆಯ ಮುಂದೆ ಕೂಡಿಸಬಲ್ಲ ಆಟದ ಲಕ್ಷಣವೇನು?

ತೊಡಕು ಎಲ್ಲಿದೆ?

ಆಟವು ತೀರ ಸುಲಭವಾದರೆ ಬೇಸರ. ತೀರ ಕಠಿಣವಾದರೆ ನಿರಾಶೆ. ಸವಾಲು ಮತ್ತು ಸಾಮರ್ಥ್ಯಗಳು ಸರಿದೂಗಿದಾಗಲೇ ಮನಸ್ಸು ಆಟದಲ್ಲಿ ತನ್ಮಯವಾಗುವುದೆಂದು ಮನಶ್ಶಾಸ್ತ್ರಜ್ಞನಾದ ಚಿಕ್‌ಸೆಂಟ್‌ಮಿಹಾಯ್ ವಿವರಿಸಿದನು. ಒಬ್ಬನೇ ಆಡುವಾಗ ಇದನ್ನು ಸಾಧಿಸುವುದು ಕಷ್ಟವಲ್ಲ. ಆದರೆ ಹತ್ತು ವರ್ಷದ ಹುಡುಗನ ಬೆರಳಿನ ಚುರುಕು ಅಜ್ಜಿಗಿಲ್ಲ. ಅಜ್ಜಿಯ ತಾಳ್ಮೆ ಹುಡುಗನಿಗಿಲ್ಲ. ಈ ಅಂತರವನ್ನು ತುಂಬುವ ಉಪಾಯಗಳು ಮುಖ್ಯವಾಗಿ ಮೂರು.

ಮೊದಲನೆಯದು: ಅದೃಷ್ಟದ ಪಾಲು

ನಮ್ಮ ಚೌಕಾಬಾರದಲ್ಲಿ ಈ ಉಪಾಯವು ಬಹಳ ಹಿಂದಿನಿಂದಲೂ ಇದೆ. ನಾಲ್ಕು ಕವಡೆಗಳನ್ನು ಎಸೆದಾಗ ಅವು 16 ಬಗೆಯಾಗಿ ಬೀಳಬಹುದು. ಕವಡೆಯ ಎರಡು ಮೈಗಳಿಗೂ ಸಮಾನ ಅವಕಾಶವಿದೆಯೆಂದು ಭಾವಿಸಿದರೆ, ಈ 16ರಲ್ಲಿ ಎರಡರ ಗರ 6, ಒಂದು ಮತ್ತು ಮೂರರ ಗರಗಳು ತಲಾ 4. ನಾಲ್ಕೂ ಅಂಗಾತ ಬಿದ್ದರೆ ನಾಲ್ಕು ಮನೆ. ನಾಲ್ಕೂ ಕವುಚಿ ಬಿದ್ದರೆ ಎಂಟು ಮನೆ. ಇವು ತಲಾ 1 ಮಾತ್ರ. ಗರ ಬೀಳುವುದು ವಯಸ್ಸನ್ನು ನೋಡಿಯಲ್ಲ. ಆದರೆ ಬಿದ್ದ ಗರಕ್ಕೆ ಯಾವ ಕಾಯಿಯನ್ನು ನಡೆಸಬೇಕೆಂಬುದು ಜಾಣ್ಮೆಗೆ ಸೇರಿದ್ದು.

ಇದರ ಪರಿಣಾಮವನ್ನು ಲೆಕ್ಕದಿಂದ ತಿಳಿಯಬಹುದು. ಜಾಣ್ಮೆಯೊಂದೇ ನಿರ್ಣಯಿಸುವ ಆಟದಲ್ಲಿ ತಾಯಿಯು ನೂರು ಪಂದ್ಯಗಳಲ್ಲಿ 90ನ್ನು ಗೆಲ್ಲುವಳೆನ್ನೋಣ. ಅರ್ಧದಷ್ಟು ಪಂದ್ಯಗಳು ಅದೃಷ್ಟದಿಂದಲೇ ತೀರ್ಮಾನವಾಗುವಂತಿದ್ದರೆ, ಜಾಣ್ಮೆಯ 50ರಲ್ಲಿ 45, ಅದೃಷ್ಟದ 50ರಲ್ಲಿ 25, ಒಟ್ಟು 70 ಮಾತ್ರ ಅವಳ ಪಾಲು. ಮಗುವಿನ ಗೆಲುವು 10ರಿಂದ 30ಕ್ಕೆ ಏರುವುದು. ಆದರೂ ಜಾಣ್ಮೆಗೆ ಬೆಲೆ ಉಳಿಯುವುದು. ಪಚ್ಚೀಸಿಯಿಂದ ಹುಟ್ಟಿದ ಲೂಡೊ ಆಟವು 2016ರಲ್ಲಿ ‘ಲೂಡೊ ಕಿಂಗ್’ ಎಂಬ ಹೆಸರಿನಿಂದ ಮೊಬೈಲಿಗೆ ಬಂದಾಗ ಮನೆಮಂದಿಯೆಲ್ಲ ಅದನ್ನು ಆಡಲು ಸಾಧ್ಯವಾದುದು ಈ ಗುಣದಿಂದಲೇ.

ಎರಡನೆಯದು: ತೂಕ ಸರಿದೂಗಿಸುವುದು

ಚದುರಂಗದಲ್ಲಿ ನುರಿತವನು ತನ್ನ ಆನೆಯೊಂದನ್ನು ಮೊದಲೇ ತೆಗೆದಿಟ್ಟು ಹೊಸಬನೊಡನೆ ಆಡುವುದುಂಟು. 1992ರ ‘ಸೂಪರ್ ಮಾರಿಯೋ ಕಾರ್ಟ್’ ಎಂಬ ಗಾಡಿಯೋಟದ ಆಟದಲ್ಲಿ ಯಂತ್ರವೇ ಈ ಕೆಲಸವನ್ನು ಮಾಡುತ್ತದೆ: ಹಿಂದೆ ಬಿದ್ದವನಿಗೆ ಹೆಚ್ಚು ಬಲವಾದ ಸಾಧನಗಳು ದೊರೆಯುತ್ತವೆ. 2017ರ ‘ಮಾರಿಯೋ ಕಾರ್ಟ್ 8 ಡೀಲಕ್ಸ್’ನಲ್ಲಿ ಎಳೆಯರ ಗಾಡಿಯು ದಾರಿ ತಪ್ಪದಂತೆ ಯಂತ್ರವು ತಡೆಯಬಲ್ಲದು.

ಮೂರನೆಯದು: ಬೇರೆ ಬೇರೆ ಕೆಲಸ

ಸ್ಪರ್ಧೆಯ ಬದಲು ಸಹಕಾರವನ್ನಿಟ್ಟರೆ ಅಂತರವೇ ಉಪಯೋಗಕ್ಕೆ ಬರುತ್ತದೆ. 2007ರ ‘ಸೂಪರ್ ಮಾರಿಯೋ ಗ್ಯಾಲಕ್ಸಿ’ಯಲ್ಲಿ ಒಬ್ಬನು ನಾಯಕನನ್ನು ಓಡಿಸುತ್ತಿರುವಾಗ ಇನ್ನೊಬ್ಬನು ತೆರೆಯತ್ತ ಕೈ ಮಾಡಿ ನಕ್ಷತ್ರದ ಚೂರುಗಳನ್ನು ಆಯಬಹುದು. ಎರಡನೆಯವನು ಸೋಲುವ ಭಯವಿಲ್ಲ. ಆದರೂ ಅವನ ಸಹಾಯ ನಿಜವಾದುದು.

ಆರಿಸುವ ಬಗೆ

ಆದುದರಿಂದ ಚಿತ್ರಗಳ ಸೊಗಸಿಗೆ ಮರುಳಾಗದೆ ಕೆಲವು ಪ್ರಶ್ನೆಗಳನ್ನು ಕೇಳಬೇಕು. ನಿಯಮಗಳನ್ನು ಐದು ನಿಮಿಷದಲ್ಲಿ ವಿವರಿಸಬಹುದೆ? ಒಂದು ಪಂದ್ಯವು ಊಟದ ಹೊತ್ತಿನೊಳಗೆ ಮುಗಿಯುವುದೆ? ನಡುವೆ ಹಣ ತೆತ್ತವನಿಗೆ ಮಾತ್ರ ಮೇಲುಗೈಯಾಗುವುದೆ? ಕೊನೆಯ ಪ್ರಶ್ನೆಗೆ ಹೌದೆಂಬ ಉತ್ತರ ಬಂದರೆ ಆ ಆಟವನ್ನು ಬಿಡುವುದೇ ಲೇಸು.

ಎಚ್ಚರವೂ ಬೇಕು. ಆಟದ ಮೇಲಿನ ಹಿಡಿತ ತಪ್ಪಿ ನಿತ್ಯಜೀವನ ಕೆಡುವುದನ್ನು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕೃತವಾದ ತನ್ನ ರೋಗಪಟ್ಟಿಯಲ್ಲಿ ಸೇರಿಸಿದೆ. ಇಂತಹವರಿಗೆ ನೆರವಾಗಲು ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿಯೇ ಚಿಕಿತ್ಸಾಲಯವನ್ನು ತೆರೆಯಿತು. ಕೂಡಿ ಆಡುವುದು ಇದಕ್ಕೆ ಔಷಧವಲ್ಲ. ಆದರೆ ಮಗುವು ಏನನ್ನು, ಎಷ್ಟು ಹೊತ್ತು ಆಡುತ್ತಿದೆಯೆಂಬುದು ಜೊತೆಗೆ ಕುಳಿತವರ ಕಣ್ಣಿಗೆ ಬೀಳುವುದು.

ವಿದ್ಯಾರ್ಥಿಗಳು ಒಂದು ಸಣ್ಣ ಪ್ರಯೋಗವನ್ನು ಮಾಡಬಹುದು. ಒಂದು ಆಟವನ್ನು ಮನೆಯ ಹಿರಿಯರೊಬ್ಬರೊಡನೆ ಇಪ್ಪತ್ತು ಸಲ ಆಡಿ ಗೆದ್ದವರ ಹೆಸರನ್ನು ಬರೆದಿಡಿರಿ. ಒಬ್ಬರೇ ಹತ್ತೊಂಬತ್ತು ಸಲ ಗೆದ್ದಿದ್ದರೆ ನಿಯಮವನ್ನು ತುಸು ಬದಲಿಸಿ ಮತ್ತೆ ಆಡಿರಿ. ಇಪ್ಪತ್ತೊಂದನೆಯ ಪಂದ್ಯಕ್ಕೆ ಇಬ್ಬರೂ ತಾವಾಗಿಯೇ ಕುಳಿತರೆ, ನೀವು ಹುಡುಕುತ್ತಿದ್ದ ಆಟವು ದೊರೆತಂತೆಯೇ ಸರಿ.