ಇಪ್ಪತ್ತು ಸಲ ನೋಡಿದರೆ ನೆನಪೇ ಮಸುಕು!

ಆಳಂದ ತಾಲ್ಲೂಕಿನ ನರೋಣಾದಲ್ಲಿ ಒಬ್ಬರು ಕಲಬುರಗಿ ಬಸ್ಸಿಗೆ ಕಾಯುತ್ತಿದ್ದಾರೆ ಅಂದುಕೊಳ್ಳಿ. ಮನೆಗೆ ಕೀಲಿ ಹಾಕಿದೆನೋ ಇಲ್ಲವೋ? ವಾಪಸ್ ಹೋಗಿ ಜಗ್ಗಿ ನೋಡುತ್ತಾರೆ. ಬಸ್‌ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಮತ್ತದೇ ಅನುಮಾನ, ಮತ್ತೆ ಮನೆಗೆ. ಬಸ್ಸು ಹೋಗೇ ಬಿಟ್ಟಿತು! ‘ಪಾಪ, ಮರವು ಜಾಸ್ತಿ ಆಗ್ಯಾದ’ ಅನ್ನುತ್ತಾರೆ ನೋಡಿದವರು. ಗೀಳು ಕಾಯಿಲೆ, ಅಂದರೆ ಒಸಿಡಿ ಇರುವವರ ನೆನಪೇ ದುರ್ಬಲವಿರಬೇಕೆಂದು ಸಂಶೋಧಕರಲ್ಲೂ ಹಲವರು ಬಹುಕಾಲ ನಂಬಿದ್ದರು.

ಆದರೆ ನಿಜ ಇದಕ್ಕೆ ತಿರುಗುಮುರುಗು! 2003ರಲ್ಲಿ ನೆದರ್ಲೆಂಡ್ಸ್‌ನ ಮಾರ್ಸೆಲ್ ವಾನ್ ಡೆನ್ ಹೌಟ್ ಮತ್ತು ಮೆರೆಲ್ ಕಿಂಟ್ ಕಂಪ್ಯೂಟರ್ ಪರದೆಯ ಮೇಲೆ ಒಂದು ಗ್ಯಾಸ್ ಒಲೆ ಹೂಡಿದರು. ಕೂರಿಸಿದ್ದು ರೋಗಿಗಳನ್ನಲ್ಲ, ಆರೋಗ್ಯವಂತ ವಿದ್ಯಾರ್ಥಿಗಳನ್ನು. ಉರಿ ಹಚ್ಚು, ಆರಿಸು, ಆರಿದೆಯೇ ನೋಡು. ಹೀಗೆ ಇಪ್ಪತ್ತು ಸಲ. ಕೊನೆಯ ಸಲ ನೋಡಿದ್ದು ಒಲೆಯ ಯಾವ ನಾಬ್‌ಗಳನ್ನು ಎಂದು ಕೇಳಿದರೆ ಉತ್ತರ ಸರಿಯಾಗಿಯೇ ಇತ್ತು. ಆದರೆ ಆ ನೆನಪಿನ ಬಣ್ಣ ಮಾಸಿತ್ತು, ಅದರ ಮೇಲಿನ ಭರವಸೆ ಕುಸಿದಿತ್ತು! 2006ರಲ್ಲಿ ಆಡಂ ರಾಡೊಮ್ಸ್ಕಿ ತಂಡ ನಿಜವಾದ ಅಡುಗೆಮನೆಯ ನಿಜವಾದ ಒಲೆಯ ಮುಂದೆ ನಿಲ್ಲಿಸಿ ನೋಡಿದಾಗಲೂ ಭರವಸೆ ಅದೇ ರೀತಿ ಜಾರಿತು. ಅನುಮಾನ ಕಳೆಯಲೆಂದು ನೋಡುವುದೇ ಅನುಮಾನವನ್ನು ಹೆರುತ್ತದೆ. ನೂರು ಸಲ ನಡೆದ ಹಾದಿಯಲ್ಲಿ ಇವತ್ತಿನ ಹೆಜ್ಜೆ ಯಾವುದೆಂದು ಗುರುತಿಸಿ ನೋಡೋಣ!

ಹಾಗಾದರೆ ಮಿದುಳಿನಲ್ಲಿ ವ್ಯತ್ಯಾಸವೇ ಇಲ್ಲವೇ? ಇದೆ, ಆದರೆ ಹುಡುಕಿದ ಜಾಗದಲ್ಲಲ್ಲ. ರೇ ಚಿತ್ರ ಎಂಬ ಪರೀಕ್ಷೆಯಿದೆ: ದೊಡ್ಡ ಆಯತ, ಅದರೊಳಗೆ ಕರ್ಣಗಳು, ಒಂದು ಮೂಲೆಯಲ್ಲಿ ಮೂರು ಚುಕ್ಕೆಗಳ ವೃತ್ತ. ಮೊದಲು ನೋಡಿ ನಕಲು ಮಾಡಬೇಕು, ಆಮೇಲೆ ನೆನಪಿನಿಂದ ಬರೆಯಬೇಕು. ಗೀಳು ಇರುವವರು ನಕಲು ಮಾಡುವಾಗಲೇ ಆಯತ ಬಿಟ್ಟು ಚಿಕ್ಕಪುಟ್ಟ ವಿವರಗಳಿಗೆ ಅಂಟಿಕೊಳ್ಳುವುದು ಹೆಚ್ಚು ಎಂದು ಅಮೆರಿಕದ ಕ್ಯಾರಿ ಸಾವೇಜ್ ತಂಡ 1999ರಲ್ಲಿ ತೋರಿಸಿತು. ನೆನಪಿನಿಂದ ಬರೆಯುವಾಗಿನ ಕೊರತೆ ಬಹುಪಾಲು ಅಲ್ಲಿಂದಲೇ ಬಂದದ್ದು. ಮರೆತದ್ದಲ್ಲ, ಜೋಡಿಸಿಕೊಳ್ಳುವಾಗಲೇ ಎಡವಿದ್ದು!

ಇನ್ನು ಬೆಂಗಳೂರಿನ ನಿಮ್ಹಾನ್ಸ್‌ಗೆ ಬನ್ನಿ, ನನಗಂತೂ ಎಲ್ಲಕ್ಕಿಂತ ರೋಮಾಂಚನ ಇಲ್ಲಿದೆ. ವೈ.ಸಿ. ಜನಾರ್ದನ ರೆಡ್ಡಿ ಮತ್ತು ಸಂಗಡಿಗರು 2008ರಲ್ಲಿ ಕಾಯಿಲೆಯಿಂದ ಚೇತರಿಸಿಕೊಂಡವರನ್ನು ಪರೀಕ್ಷಿಸಿದರು. ಲಕ್ಷಣಗಳು ಹೋದ ಮೇಲೂ ಕೆಲವು ಕೊರತೆಗಳು ಉಳಿದಿದ್ದವು. 2009ರಲ್ಲಿ ಇನ್ನೂ ಮುಂದೆ ಹೋಗಿ ರೋಗಿಗಳ ಅಣ್ಣ–ತಮ್ಮ, ಅಕ್ಕ–ತಂಗಿಯರನ್ನು ಕೂರಿಸಿದರು. ಇವರಿಗೆ ಗೀಳಿಲ್ಲ, ಚಿಂತೆಯಿಲ್ಲ. ಆದರೂ ಲಾಭ–ನಷ್ಟದ ಎಲೆಯಾಟದ ಪರೀಕ್ಷೆಯಲ್ಲಿ, ನಿಯಮ ತಿರುಗಿದಾಗ ತಾವೂ ತಿರುಗಬೇಕಾದ ಪರೀಕ್ಷೆಯಲ್ಲಿ ಅವರೂ ಹಿಂದೆ ಬಿದ್ದರು! ಕಾಯಿಲೆ ಮುಟ್ಟದವರಲ್ಲೂ ಮನೆತನದ ಗುರುತು!

ನೋಡಿದಷ್ಟೂ ಅನುಮಾನ ಹೆಚ್ಚುತ್ತದೆ ಎಂಬ ಮಾತಿಗೆ ಚಿಕಿತ್ಸೆಯೂ ಹೊಂದುತ್ತದೆ. ಸೆರೊಟೋನಿನ್ ಮೇಲೆ ಕೆಲಸ ಮಾಡುವ ಮಾತ್ರೆಗಳ ಜೊತೆಗೆ, ಚಿಕಿತ್ಸಕರು ಒಮ್ಮೆ ಮಾತ್ರ ಕೀಲಿ ಹಾಕಿಸಿ, ಜಗ್ಗಿ ನೋಡಲು ಬಿಡದೆ, ತಳಮಳ ತಾನಾಗಿ ಇಳಿಯುವವರೆಗೆ ಜೊತೆಗಿರುತ್ತಾರೆ. ಮೊದಲು ಯಾರನ್ನಾದರೂ ಕೇಳಬೇಕೆನಿಸಿದರೆ, ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ನರೋಣಾದಿಂದಲೇ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.