ಹಾಲಿನ ಪಾತ್ರೆಯಲ್ಲಿ ಹೂತಿಟ್ಟ ಚರಿತ್ರೆ

ಸಂತೆಯ ಲೆಕ್ಕದ ಚೀಟಿಯನ್ನು ಕೂಡಿಡುವ ಗೃಹಿಣಿಯರು ವಿರಳ. ಪೋಲೆಂಡಿನ ವಾರ್ಸಾ ನಗರದಲ್ಲಿ ಯಹೂದ್ಯರ ಜನಜೀವನವನ್ನು ಸಂಶೋಧಿಸುತ್ತಿದ್ದ ಇಮಾನ್ಯುಯೆಲ್ ರಿಂಗೆಲ್‌ಬ್ಲೂಮನೆಂಬ ಇತಿಹಾಸಜ್ಞನಾದರೋ ಅಂಥವನ್ನೇ ಆಯ್ದಿರಿಸಿದನು. 1940ರಲ್ಲಿ ಜರ್ಮನರು ಅಲ್ಲಿಯ ಯಹೂದ್ಯರನ್ನು ಗೋಡೆಯೊಳಗೆ ಕೂಡಿಹಾಕಲು, ಈತನು ಸಂಗಡಿಗರಿಂದ ರೊಟ್ಟಿಯ ಧಾರಣೆ, ಬಡವರ ಗಂಜಿಮನೆಯ ಸ್ಥಿತಿ, ಗೋಡೆಯ ಬಿಲಗಳಲ್ಲಿ ನುಸುಳಿ ಆಹಾರ ತರುವ ಮಕ್ಕಳ ಪಾಡು ಇವೆಲ್ಲವನ್ನೂ ಗುಟ್ಟಾಗಿ ಬರೆಯಿಸಿದನು. ಮಿಠಾಯಿ ಸುತ್ತಿದ ಕಾಗದವನ್ನು ಕೂಡ ಬಿಡಲಿಲ್ಲ. ಅರಸರ ಚರಿತ್ರೆಗಿಂತ ಇದು ಕೀಳೆಂದು ಯಾರು ತಾನೇ ಹೇಳಬಲ್ಲರು? 1942–43ರಲ್ಲಿ ಈ ಬರಹಗಳನ್ನು ತಗಡಿನ ಪೆಟ್ಟಿಗೆಗಳಲ್ಲಿಯೂ ಹಾಲಿನ ದೊಡ್ಡ ಪಾತ್ರೆಗಳಲ್ಲಿಯೂ ತುಂಬಿ ಹೂಳಿದರು. 1944ರಲ್ಲಿ ನಾಜಿಗಳು ಆತನನ್ನು ಮಡದಿ ಮಗನೊಡನೆ ಕೊಂದರು. ಯುದ್ಧಾನಂತರ 1946ರಲ್ಲಿ, ನೀರಿಳಿದು ನೆನೆದಿದ್ದ 10 ಪೆಟ್ಟಿಗೆಗಳೂ 1950ರಲ್ಲಿ 2 ಪಾತ್ರೆಗಳೂ ದೊರೆತುವು. ಮೂರನೆಯ ಭಾಗವು ಇಂದಿಗೂ ಸಿಕ್ಕಿಲ್ಲ.